ಹಿಟ್ಟಿನ ಕೋಳಿ ಮತ್ತು ಆತ್ಮಸಾಕ್ಷಿ

ಜನ್ನ ಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಕಥೆ ಕನ್ನಡಿಗರಿಗೆ ಚಿರಪರಿಚಿತ. ಅರಿಷ್ಟ ನಿವಾರಣೆಗಾಗಿ ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ರಾಜ ಯಶೋಧರನು ಮೊದಲು ನಿರಾಕರಿಸುತ್ತಾನೆ. ಕೊನೆಗೆ ತಾಯಿಯ ಮಾತು ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿ ಕೊಡಲು ಒಪ್ಪುತ್ತಾನೆ. ಕತ್ತಿ ಬಿದ್ದೊಡನೆ ಆ ಕೋಳಿ ಕೂಗುತ್ತದೆ. ಈ ಒಂದು ಕೃತ್ಯದಿಂದ ತಾಯಿ ಮಗ ಇಬ್ಬರೂ ಪಶುಪಕ್ಷಿಗಳಾಗಿ ಹುಟ್ಟಿ ಹಲವು ಜನ್ಮ ತೊಳಲುತ್ತಾರೆ.

ಹಿಟ್ಟಿನ ಬೊಂಬೆಯನ್ನು ಕಡಿದುದಕ್ಕೆ ಇಷ್ಟು ಘೋರ ಫಲವೇ ಎಂಬ ಪ್ರಶ್ನೆ ಸಹಜ. ಕತ್ತಿಯು ಕಡಿದದ್ದು ಹಿಟ್ಟನ್ನು. ಸಂಕಲ್ಪವು ಕಡಿದದ್ದು ಕೋಳಿಯನ್ನು. ಇದನ್ನೇ ಸಂಕಲ್ಪಹಿಂಸೆ ಎನ್ನುತ್ತೇವೆ. ‘ತತ್ತ್ವಾರ್ಥಸೂತ್ರ’ವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಅಂದರೆ ಕಷಾಯಕ್ಕೊಳಗಾದ ಮನಸ್ಸಿನ ಎಚ್ಚರಗೇಡಿತನವನ್ನು, ಮುಂದಿಡುತ್ತದೆ. ಲೋಕವು ಕೃತ್ಯವನ್ನು ಕಾಣುತ್ತದೆ. ಭಾವವನ್ನು ಕಾಣಬಲ್ಲ ಸಾಕ್ಷಿ ನಮ್ಮೊಳಗಿನ ಆತ್ಮವೊಂದೇ.

ಗೃಹಸ್ಥರಾದ ನಾವೂ ಇಂತಹ ಹಿಟ್ಟಿನ ಕೋಳಿಗಳನ್ನು ಮಾಡಿಕೊಳ್ಳುತ್ತೇವೆ. ಆಡಿದ ಮಾತು ಸುಳ್ಳಲ್ಲ, ಆದರೆ ಕೇಳಿದವರು ತಪ್ಪು ತಿಳಿಯಲೆಂದೇ ಅರ್ಧ ಆಡಿದ್ದು. ಕದ್ದಿಲ್ಲ, ಆದರೆ ತೂಕದಲ್ಲಿ ಕೊಂಚ ಹಿಡಿದದ್ದು, ಒಳ್ಳೆಯ ಸರಕಿಗೆ ಕೀಳು ಸರಕನ್ನು ಬೆರೆಸಿದ್ದು. ಇವೆರಡನ್ನೂ ಆಚಾರ್ಯರು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ‘ಯಾರಿಗೂ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ’ ಎಂಬ ಸಮಾಧಾನದ ಅಡಿಯಲ್ಲಿ ಒಳದನಿ ಕೂಗುತ್ತಲೇ ಇರುತ್ತದೆ.

ಆದರೆ ಆ ದನಿಯೂ ಮಂಕಾಗಬಹುದು. ಯಶೋಧರನ ಆತ್ಮಸಾಕ್ಷಿ ಮೊದಲು ಬೇಡವೆಂದೇ ಹೇಳಿತ್ತು. ಮಾತೃಮೋಹ ಅದನ್ನು ಅಡಗಿಸಿತು. ಆದ್ದರಿಂದಲೇ ಜಿನಧರ್ಮವು ಅಂತಃಸಾಕ್ಷಿಯೊಂದಕ್ಕೇ ನಮ್ಮನ್ನು ಒಪ್ಪಿಸಿಬಿಟ್ಟಿಲ್ಲ. ತನ್ನ ದೋಷವನ್ನು ಆತ್ಮಸಾಕ್ಷಿಯಾಗಿ ಖಂಡಿಸಿಕೊಳ್ಳುವುದು ನಿಂದೆ. ಗುರುಸಾಕ್ಷಿಯಾಗಿ ಖಂಡಿಸಿಕೊಳ್ಳುವುದು ಗರ್ಹೆ. ಇವೆರಡೂ ಕೂಡಿದಾಗಲೇ ಪ್ರತಿಕ್ರಮಣ ಸಾರ್ಥಕ. ಪರನಿಂದೆ ಪಾಪ, ಸ್ವದೋಷನಿಂದೆ ಶುದ್ಧಿಯ ಮಾರ್ಗ ಎಂಬ ವಿವೇಕವೂ ಇಲ್ಲಿದೆ.

ಸಂಜೆಯ ಸಾಮಾಯಿಕದ 48 ನಿಮಿಷಗಳಲ್ಲಿ ‘ಇಂದು ಏನು ಮಾಡಿದೆ’ ಎಂಬುದರ ಜೊತೆಗೆ ‘ಯಾವ ಭಾವದಿಂದ ಮಾಡಿದೆ’ ಎಂದೂ ಕೇಳಿಕೊಳ್ಳೋಣ. ಉತ್ತರ ಕಹಿಯಾಗಿದ್ದರೆ ನೆಪ ಹುಡುಕದೆ, ನೊಂದವರಲ್ಲಿ ಕ್ಷಮೆ ಕೇಳಿ, ನಾಳೆ ಅದನ್ನು ತ್ಯಜಿಸುವ ನಿಯಮ ತೊಡೋಣ.