ಸಹಿ ಹಾಕದ ಒಂದು ಕಾಗದ

ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಅಂದರೆ ಕಳ್ಳತನ. ಎಲೆಕ್ಟ್ರಾನಿಕ್ಸ್ ಓದುವ ನನಗೆ ಈ ನಂಬರ್ ಬಾಯಿಪಾಠ ಆಗೋಕೆ ಕಾರಣ ಒಂದು ಸೈಂಟಿಫಿಕ್ ಕ್ಯಾಲ್ಕುಲೇಟರ್. ಬೆಲೆ ಒಂದೂವರೆ ಸಾವಿರದ ಒಳಗೆ. ಅದನ್ನು ಅಂಗಡಿಯಿಂದ ಕದ್ದೆ ಅಂತ ನನ್ನ ಮೇಲೆ ಕೇಸಾಯಿತು. ನಾನು ಕದ್ದಿರಲಿಲ್ಲ. ಆದರೆ ‘ಕದ್ದಿಲ್ಲ’ ಅನ್ನುವ ಮೂರಕ್ಷರ ಕೋರ್ಟಿನಲ್ಲಿ ನಿಲ್ಲೋಕೆ ಹದಿನಾಲ್ಕು ತಿಂಗಳು, ಹನ್ನೊಂದು ಹಾಜರಿ ಬೇಕಾದವು. ಮಾಲ್‌ಗೆ, ಮಾರ್ಟ್‌ಗೆ ಹೋಗುವ ನನ್ನ ವಯಸ್ಸಿನವರು ಯಾರಿಗೆ ಬೇಕಾದರೂ ಇದು ಆಗಬಹುದು ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ಆಗ ಮೂರನೇ ಸೆಮಿಸ್ಟರ್. ದಾವಣಗೆರೆಯಲ್ಲಿ ಹಾಸ್ಟೆಲ್. ಇಂಟರ್ನಲ್ಸ್ ಮುಗಿಸಿ ರೆಕಾರ್ಡ್ ಬುಕ್ ತರಲು ಒಂದು ದೊಡ್ಡ ಅಂಗಡಿಗೆ ಹೋಗಿದ್ದೆ. ಬ್ಯಾಗನ್ನು ಕೌಂಟರಿನಲ್ಲಿ ಇಟ್ಟಿದ್ದೆ. ಕ್ಯಾಲ್ಕುಲೇಟರ್ ಜರ್ಕಿನ್ ಜೇಬಿನಲ್ಲೇ ಇತ್ತು. ಬಿಲ್ ಮಾಡಿಸಿ ಹೊರಗೆ ಬರುವಾಗ ಬಾಗಿಲ ಬಳಿಯ ಗೇಟು ಕೂಗಿತು. ಸೆಕ್ಯೂರಿಟಿಯವರು ಜೇಬು ತೋರಿಸು ಅಂದರು, ತೋರಿಸಿದೆ. ಕ್ಯಾಲ್ಕುಲೇಟರಿನ ಜಾರುಮುಚ್ಚಳ ತೆಗೆದರೆ ಒಳಗೆ ಒಂದು ಬಿಳಿ ಸ್ಟಿಕ್ಕರ್, ಅವರದೇ ಅಂಗಡಿಯದು. ‘ಎರಡು ತಿಂಗಳ ಹಿಂದೆ ಚಿತ್ರದುರ್ಗದ ನಿಮ್ಮದೇ ಬ್ರಾಂಚಿನಲ್ಲಿ ತಗೊಂಡಿದ್ದು ಸರ್’ ಅಂದೆ. ಬಿಲ್ ಎಲ್ಲಿ ಅಂದರು. ಕ್ಯಾಲ್ಕುಲೇಟರ್ ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಳ್ಳುವ ಸ್ಟೂಡೆಂಟ್ ನಾನಂತೂ ಇನ್ನೂ ಕಂಡಿಲ್ಲ.

ಆ ಸ್ಟಿಕ್ಕರ್ ಬಗ್ಗೆ ಸ್ವಲ್ಪ ಹೇಳಲೇಬೇಕು, ನಮ್ಮ ಬ್ರಾಂಚಿನ ವಿಷಯ ಅದು. ಅದರೊಳಗೆ ಇರುವುದು ಒಂದು ಪುಟ್ಟ ಕಾಯಿಲ್, ಒಂದು ಕೆಪಾಸಿಟರ್, ಅಷ್ಟೆ. ಗೇಟಿನಿಂದ ಸುಮಾರು 8.2 ಮೆಗಾಹರ್ಟ್ಸ್ ಸಿಗ್ನಲ್ ಹೊರಡುತ್ತದೆ. ಸ್ಟಿಕ್ಕರ್ ಅದಕ್ಕೆ ಅನುರಣಿಸಿದರೆ ಗೇಟು ಕೂಗುತ್ತದೆ. ಬಿಲ್ಲಿಂಗ್‌ನಲ್ಲಿ ವಸ್ತುವನ್ನು ಒಂದು ಪ್ಯಾಡ್ ಮೇಲೆ ಸವರಿದಾಗ ಆ ಕೆಪಾಸಿಟರ್ ಸುಟ್ಟು ಸ್ಟಿಕ್ಕರ್ ಸಾಯಬೇಕು. ಗಡಿಬಿಡಿಯಲ್ಲಿ ಸರಿಯಾಗಿ ಸವರದಿದ್ದರೆ ಅದು ಸಾಯುವುದಿಲ್ಲ. ಗೇಟಿಗೆ ಗೊತ್ತಾಗುವುದು ಸ್ಟಿಕ್ಕರ್ ಜೀವಂತ ಇದೆ ಅನ್ನುವುದಷ್ಟೇ. ವಸ್ತು ಯಾರದು ಅನ್ನುವುದು ಅದಕ್ಕೇನು ಗೊತ್ತು!

ಮ್ಯಾನೇಜರ್ ರೂಮಿನಲ್ಲಿ ಕೂರಿಸಿ ಬಿಳಿ ಹಾಳೆ ಕೊಟ್ಟರು. ‘ನಾನು ಈ ಅಂಗಡಿಯಲ್ಲಿ ಕ್ಯಾಲ್ಕುಲೇಟರ್ ಕದ್ದಿರುತ್ತೇನೆ, ಮುಂದೆ ಹೀಗೆ ಮಾಡುವುದಿಲ್ಲ ಅಂತ ಬರೆದು ಸಹಿ ಹಾಕಿ ಹೋಗು. ಇಲ್ಲದಿದ್ದರೆ ಪೊಲೀಸರು ಬರ್ತಾರೆ’ ಅಂದರು. ನಾನು ಬರೆಯಲಿಲ್ಲ. ಅದು ಧೈರ್ಯವೇನಲ್ಲ. ಅಪ್ಪ ಫೋನ್ ತೆಗೆಯಲಿ ಅಂತ ಕಾಯುತ್ತಿದ್ದೆ. ಹೊಸದುರ್ಗದಲ್ಲಿ ಅಪ್ಪನದು ಟೈಲರಿಂಗ್ ಅಂಗಡಿ, ಮಿಷನ್ ಸದ್ದಿನಲ್ಲಿ ಅವರಿಗೆ ಫೋನ್ ಕೇಳುವುದಿಲ್ಲ. ಮುಕ್ಕಾಲು ಗಂಟೆ ಸುಮ್ಮನೆ ಕೂತಿದ್ದೆ. ಪೊಲೀಸರೇ ಬಂದರು.

ಠಾಣೆಯಲ್ಲಿ ಹೆಸರು, ವಿಳಾಸ ಬರೆದುಕೊಂಡು ಕಳುಹಿಸಿದರು. ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ವಸ್ತುವಿನ ಕಳ್ಳತನ ಈಗ ಅಸಂಜ್ಞೇಯ ಅಪರಾಧ, ಜಾಮೀನು ಸಿಗುವಂಥದ್ದು. ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ವಾರಂಟ್ ಇಲ್ಲದೆ ಬಂಧಿಸುವಂತಿಲ್ಲ. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ಆ ರಾತ್ರಿ ಮಾತ್ರ ಜೈಲೇ ಗತಿ ಅಂದುಕೊಂಡು ಹಾಸ್ಟೆಲ್ ಟೆರೇಸಿನಲ್ಲಿ ಬೆಳಗು ಮಾಡಿದೆ.

ರೂಮ್‌ಮೇಟ್‌ನ ಅಕ್ಕ ಎಲ್‌ಎಲ್‌ಬಿ ಓದುತ್ತಿದ್ದರು. ಅವರು 15100ಕ್ಕೆ ಫೋನ್ ಮಾಡು ಅಂದರು. ಅದು ಉಚಿತ ಕಾನೂನು ನೆರವಿನ ಸಹಾಯವಾಣಿ. ಅಲ್ಲಿಂದ ಕೋರ್ಟ್ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ, ಕಸ್ಟಡಿಯಲ್ಲಿ ಇರುವವರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ. ನಮ್ಮಂಥವರು ಆದಾಯ ಮಿತಿಯೊಳಗೆ ಇರಬೇಕು. ಅಪ್ಪನ ಆದಾಯ ಆ ಮಿತಿಯ ಹತ್ತಿರವೂ ಸುಳಿಯುವುದಿಲ್ಲ ಬಿಡಿ.

ನನಗೆ ಸಿಕ್ಕವರು ನಮ್ಮ ಅಮ್ಮನ ವಯಸ್ಸಿನ ಒಬ್ಬರು ಮೇಡಂ. ಸಿನಿಮಾದ ವಕೀಲರಂತೆ ‘ನಿಜ ಹೇಳು, ಕದ್ದೆಯಾ?’ ಅಂತ ಕೇಳಲಿಲ್ಲ. ಮೊದಲ ಪ್ರಶ್ನೆಯೇ, ‘ಅಂಗಡಿಯಲ್ಲಿ ಏನಾದರೂ ಬರೆದುಕೊಟ್ಟೆಯಾ?’ ಇಲ್ಲ ಅಂದೆ. ‘ಸರಿಯಾಗಿ ನೆನಪು ಮಾಡ್ಕೊ. ಒಂದು ಗೆರೆ? ಒಂದು ಸಹಿ?’ ಮೂರು ಸಲ ಕೇಳಿದ ಮೇಲೆಯೇ ಪೆನ್ನಿನ ಕ್ಯಾಪ್ ತೆಗೆದರು. ಕಾರಣವನ್ನೂ ಹೇಳಿದರು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಆರೋಪಿಯ ವಿರುದ್ಧ ಸಾಬೀತುಪಡಿಸಲು ಸಾಕ್ಷ್ಯ ಕಾನೂನು ಬಿಡುವುದಿಲ್ಲ. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿಯನ್ನೂ ಹಾಕಬೇಕಿಲ್ಲ. ಆದರೆ ಅಂಗಡಿ ಮ್ಯಾನೇಜರ್ ಪೊಲೀಸ್ ಅಲ್ಲವಲ್ಲ! ಅವರಿಗೆ ಬರೆದುಕೊಟ್ಟ ಕಾಗದಕ್ಕೆ ಆ ರಕ್ಷಣೆ ಇಲ್ಲ. ನಾವೆಲ್ಲ ಹೆದರುವುದು ಠಾಣೆಗೆ, ಕೈ ಕಟ್ಟಿಹಾಕುವುದು ಮಾತ್ರ ‘ಬರೆದುಕೊಟ್ಟು ಹೋಗಪ್ಪ’ ಅನ್ನುವ ಆ ಹಾಳೆ.

ಅದೇ ದಿನ ಮೇಡಂ ಅಂಗಡಿಗೆ ನೋಟಿಸ್ ಕಳಿಸಿದರು. ಆ ಸಂಜೆಯ ಸಿಸಿಟಿವಿ ದೃಶ್ಯ ಇಡಿಯಾಗಿ ಉಳಿಸಿ, ಅಳಿಸಬೇಡಿ ಅಂತ. ರೆಕಾರ್ಡರ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಕೂರುತ್ತದೆ ಅನ್ನುವುದು ನನಗೂ ಗೊತ್ತಿತ್ತು, ಆದರೆ ತಲೆಗೆ ಹೊಳೆದಿರಲಿಲ್ಲ. ಆಮೇಲೆ ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿದರು. ಚಿತ್ರದುರ್ಗದ ಬ್ರಾಂಚಿಗೆ ಯುಪಿಐ ಮಾಡಿದ್ದು ಅದರಲ್ಲಿ ಇತ್ತು. ಆದರೆ ಆ ದಿನ ನನ್ನ ಚಪ್ಪಲಿ, ತಂಗಿಯ ಬ್ಯಾಗು ಎಲ್ಲ ಸೇರಿ ಒಂದೇ ಮೊತ್ತ. ‘ಇದು ಅರ್ಧ ಸಾಕ್ಷಿ’ ಅಂದರು ಮೇಡಂ. ಇನ್ನರ್ಧ? ‘ಅದನ್ನ ನಾವು ತರಬೇಕಿಲ್ಲ ಮರಿ. ಕದ್ದಿದ್ದಾನೆ ಅಂತ ಅವರು ತೋರಿಸಬೇಕು. ವಸ್ತು ಅವರದು, ಅವರ ಒಪ್ಪಿಗೆ ಇಲ್ಲ, ನಿನ್ನ ಉದ್ದೇಶ ಕೆಟ್ಟದಿತ್ತು. ಇದರಲ್ಲಿ ಒಂದು ಬಿದ್ದರೂ ಕಳ್ಳತನ ಅನ್ನೋದು ನಿಲ್ಲಲ್ಲ.’

ಸಮನ್ಸ್ ಬಂತು. ಸೋದರಮಾವ ಎರಡು ಎಕರೆಯ ಪಹಣಿ ಹಿಡಿದು ಹೊಸದುರ್ಗದಿಂದ ಬಂದು ಜಾಮೀನು ನಿಂತರು. ನಿಜವಾದ ಕಷ್ಟ ಶುರುವಾಗಿದ್ದು ಅಲ್ಲಿಂದ. ಕೋರ್ಟಿನ ಹೊರಗೆ ಟೀ ಕುಡಿಯುವಾಗ ಸಿಕ್ಕಿದವರೆಲ್ಲ ಒಂದೇ ಸಲಹೆ ಕೊಡೋರು, ‘ಒಪ್ಕೊಂಡ್ಬಿಡು, ದಂಡ ಕಟ್ಟು, ಇವತ್ತೇ ಮುಗಿಯುತ್ತೆ.’ ಮೊದಲ ಸಲದ ಆರೋಪಿಗೆ, ಐದು ಸಾವಿರದೊಳಗಿನ ವಸ್ತುವಾಗಿ ಅದು ವಾಪಸ್ ಹೋಗಿದ್ದರೆ, ಹೊಸ ಕಾನೂನಿನಲ್ಲಿ ಸಮುದಾಯ ಸೇವೆಯೇ ಶಿಕ್ಷೆ. ಜೈಲಿಲ್ಲ. ಅಪ್ಪನಿಗೂ ಅದೇ ಸರಿ ಅನ್ನಿಸಿತ್ತು. ಪ್ರತಿ ಹಾಜರಿಗೂ ಅಂಗಡಿ ಮುಚ್ಚಿ ಬರುತ್ತಿದ್ದರು. ‘ಗುಡಿ ಮುಂದೆ ಕಸ ಹೊಡೆದ್ರೆ ಏನು ಹೋಗುತ್ತೆ ಮಗನೇ’ ಅಂದರು ಒಂದು ಸಲ. ನಾನು ಅವರ ಮೇಲೆ ಸಿಟ್ಟಾಗಲಿಲ್ಲ. ಬಸ್ ಚಾರ್ಜ್ ಕೊಡುತ್ತಿದ್ದವರು ಅವರು. ಮೇಡಂ ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು, ‘ಯಜಮಾನ್ರೇ, ಕಸ ಹೊಡೆದ್ರೂ ಕಾಗದದ ಮೇಲೆ ಅವನು ಕಳ್ಳತನದಲ್ಲಿ ಶಿಕ್ಷೆ ಆದವನು. ನಾಳೆ ಕೆಲಸಕ್ಕೆ ಹೋದಾಗ ಅದನ್ನ ಕೇಳ್ತಾರೆ.’

ರಾಜಿಯ ದಾರಿಯೂ ಇತ್ತು. ವಸ್ತುವಿನ ಮಾಲೀಕರು ಒಪ್ಪಿದರೆ ಈ ಅಪರಾಧವನ್ನು ರಾಜಿ ಮಾಡಿಕೊಳ್ಳಬಹುದು, ರಾಜಿಯಾದರೆ ಕಾನೂನಿನ ಪ್ರಕಾರ ಖುಲಾಸೆಯಾದಂತೆಯೇ. ಮೇಡಂ ಇದನ್ನು ಮುಚ್ಚಿಡಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಾನು ತಯಾರಿದ್ದೆ. ಆದರೆ ಅಂಗಡಿಯವರು ಮತ್ತೆ ಅದೇ ಕಾಗದ ಕೇಳಿದರು. ‘ಕದ್ದಿದ್ದಕ್ಕೆ ಕ್ಷಮಿಸಿ’ ಅಂತ ಬರೆಯಬೇಕಂತೆ. ‘ತೊಂದರೆಯಾಗಿದ್ದಕ್ಕೆ ವಿಷಾದವಿದೆ’ ಅಂತ ಬರೆಯುತ್ತೇನೆ ಅಂದೆ. ಅವರಿಗೆ ಆ ಒಂದು ಪದವೇ ಬೇಕಿತ್ತು. ಮಾತು ಮುರಿಯಿತು. ಮುಂದಿನ ಹಾಜರಿಯಲ್ಲಿ ಮ್ಯಾಜಿಸ್ಟ್ರೇಟರು ಆರೋಪ ಓದಿ ಒಪ್ಪುತ್ತೀರಾ ಅಂತ ಕೇಳಿದಾಗ ‘ಇಲ್ಲ’ ಅಂದೆ. ಹಿಂದಿನ ಬೆಂಚಿನಲ್ಲಿ ಅಪ್ಪ ತಲೆ ತಗ್ಗಿಸಿ ಕೂತಿದ್ದರು.

ಸಿಸಿಟಿವಿ ದೃಶ್ಯ ಕೋರ್ಟ್ ಮೂಲಕ ಬಂತು. ಅಂಗಡಿಯವರು ಪೊಲೀಸರಿಗೆ ಕೊಟ್ಟಿದ್ದು ನಾನು ಹೊರಬರುವ ನಲವತ್ತು ಸೆಕೆಂಡಿನ ತುಣುಕು ಮಾತ್ರ. ಇಂಥ ವಿಡಿಯೊ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು, ಅದರ ನಮೂನೆಯಲ್ಲಿ ಫೈಲಿನ ಹ್ಯಾಶ್ ಬರೆಯುವ ಜಾಗವಿದೆ. ಎಸ್‌ಎಚ್‌ಎ–256 ಅಂತ ಕಾನೂನಿನ ಫಾರಂನಲ್ಲಿ ನೋಡಿ, ಅಷ್ಟು ಆತಂಕದಲ್ಲೂ ನನಗೆ ಹಳೇ ಕ್ಲಾಸ್‌ಮೇಟ್ ಸಿಕ್ಕಷ್ಟು ಖುಷಿಯಾಯಿತು. ಪೂರ್ತಿ ದೃಶ್ಯದಲ್ಲಿ ನಾನು ಒಳಗೆ ಬರುವುದೂ ಇತ್ತು. ನಾನು ಗೇಟು ದಾಟುತ್ತಿದ್ದಂತೆ ಮೇಲಿನ ಕೆಂಪು ದೀಪ ಮಿನುಗುತ್ತದೆ. ಸೆಕ್ಯೂರಿಟಿಯವರು ಕತ್ತೆತ್ತಿ ನೋಡಿ, ಹೋಗು ಅಂತ ಕೈಬೀಸುತ್ತಾರೆ. ನನಗೇ ಅದು ನೆನಪಿರಲಿಲ್ಲ.

ಪಾಟೀಸವಾಲಿನಲ್ಲಿ ಮೇಡಂ ದನಿ ಏರಿಸಲೇ ಇಲ್ಲ. ಒಳಗೆ ಬರುವಾಗ ದೀಪ ಹತ್ತಿದ್ದು ಯಾಕೆ ಅಂತ ಕೇಳಿದರು. ಸೆಕ್ಯೂರಿಟಿಯವರು ಸುಳ್ಳು ಹೇಳಲಿಲ್ಲ. ‘ಒಳಗೆ ಬರೋರಿಗೆ ಕೂಗಿದ್ರೆ ನಾವು ನೋಡಲ್ಲ ಮೇಡಂ, ಹೊರಗೆ ಹೋಗೋರನ್ನ ಮಾತ್ರ’ ಅಂದರು. ಮ್ಯಾನೇಜರಿಗೆ ಕೇಳಿದ್ದು, ಆ ದಿನ ಸ್ಟಾಕಿನಲ್ಲಿ ಎಷ್ಟು ಕ್ಯಾಲ್ಕುಲೇಟರ್ ಇದ್ದವು, ಎಷ್ಟು ಕಡಿಮೆಯಾದವು ಅಂತ. ಎಣಿಸಿಲ್ಲ ಅಂದರು. ಅಷ್ಟೇ. ಮುಂದಿನ ತಿಂಗಳು ತೀರ್ಪು ಬಂತು, ಖುಲಾಸೆ. ಮುದ್ದೆಮಾಲಾಗಿ ಚೀಲದಲ್ಲಿ ಸೀಲ್ ಆಗಿದ್ದ ಕ್ಯಾಲ್ಕುಲೇಟರ್ ವಾಪಸ್ ಪಡೆಯಲು ಇನ್ನೊಂದು ಅರ್ಜಿ ಹಾಕಬೇಕಾಯಿತು. ಅಷ್ಟರಲ್ಲಿ ಮೂರು ಸೆಮಿಸ್ಟರಿನ ಪರೀಕ್ಷೆಗಳನ್ನು ಜೂನಿಯರ್‌ಗಳ ಕ್ಯಾಲ್ಕುಲೇಟರಿನಲ್ಲೇ ಬರೆದಿದ್ದೆ.

ಈಗ ಆರನೇ ಸೆಮಿಸ್ಟರ್. ಇಂಟರ್ನ್‌ಶಿಪ್ ಫಾರಂಗಳು ಬರುತ್ತಿವೆ. ಕೆಲವದರಲ್ಲಿ ‘ಶಿಕ್ಷೆಯಾಗಿದೆಯೇ’ ಅಂತ ಕೇಳುತ್ತಾರೆ, ಕೆಲವದರಲ್ಲಿ ‘ಕೇಸು ದಾಖಲಾಗಿತ್ತೇ’ ಅಂತ. ಎರಡೂ ಒಂದೇ ಅಲ್ಲ, ಪದ ನೋಡಿ ತುಂಬು, ಕೇಳಿದ್ದನ್ನು ಮುಚ್ಚಿಡಬೇಡ ಅಂದಿದ್ದಾರೆ ಮೇಡಂ. ಇಂಥ ಮಾಹಿತಿ ಮುಚ್ಚಿಟ್ಟವರ ಬಗ್ಗೆ ಸುಪ್ರೀಂ ಕೋರ್ಟ್ 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಓದು ಅಂತಲೂ ಹೇಳಿದರು. ಓದಿದೆ. ನಿನ್ನೆ ತುಂಬಿದ ಫಾರಂ ಎರಡನೇ ಥರದ್ದು. ‘ಹೌದು’ ಅಂತ ಟಿಕ್ ಮಾಡಿ, ಪಕ್ಕದ ಸಾಲಿನಲ್ಲಿ ಖುಲಾಸೆಯಾದ ದಿನಾಂಕ ಬರೆದು, ತೀರ್ಪಿನ ಪ್ರತಿ ಲಗತ್ತಿಸಿದೆ. ಉತ್ತರ ಇನ್ನೂ ಬಂದಿಲ್ಲ.