ನಾಲಿಗೆಯ ನಿಷ್ಠೆ

ರಾಜಾಜಿನಗರದಲ್ಲಾಗಲಿ ವಿಜಯನಗರದಲ್ಲಾಗಲಿ ಮುಂಜಾನೆ ಹಾಲಿನ ಬೂತಿನ ಮುಂದೆ ನಿಲ್ಲುವ ಗೃಹಸ್ಥರು ಕೊಬ್ಬಿನ ಪ್ರಮಾಣವನ್ನು ವಿಚಾರಿಸುವುದಿಲ್ಲ, ಹಾಲಿನ ಹೆಸರನ್ನೂ ಎತ್ತುವುದಿಲ್ಲ. “ಎರಡು ಬ್ಲೂ, ಒಂದು ಆರೆಂಜ್” ಎಂದು ಬಣ್ಣವನ್ನಷ್ಟೇ ಉಚ್ಚರಿಸಿ ನಂದಿನಿಯ ಪ್ಯಾಕೆಟ್ಟುಗಳನ್ನು ಪಡೆದು ಹಿಂದಿರುಗುತ್ತಾರೆ. 2023ರ ಏಪ್ರಿಲಿನಲ್ಲಿ ಅಮೂಲ್ ಸಂಸ್ಥೆಯು ಬೆಂಗಳೂರಿಗೆ ಹಾಲು ಮೊಸರುಗಳನ್ನು ತರುವುದಾಗಿ ಪ್ರಕಟಿಸಿದೊಡನೆ ನಗರದಲ್ಲಿ ಎದ್ದ ಕ್ಷೋಭೆಯಲ್ಲಿ ಚುನಾವಣೆಯ ಕಾವೂ ರೈತರ ಹಿತಚಿಂತನೆಯೂ ಬೆರೆತಿದ್ದುವು, ನಿಜ; ಆದರೆ ಅವೆರಡನ್ನೂ ಕಳೆದ ಮೇಲೂ ಉಳಿಯುವ ಒಂದು ಮಮತೆಯುಂಟು, ವಿಜ್ಞಾನಕ್ಕೆ ಕುತೂಹಲದ ವಸ್ತು ಅದೇ. ನಂದಿನಿ ಆಗ ಎಲ್ಲಿಗೂ ಹೋಗಿರಲಿಲ್ಲ. ಹೋದೀತೆಂಬ ಶಂಕೆಯೇ ಸಾಕಾಯಿತು.

ಟೋನ್ಡ್ ಹಾಲೆಂದು ಮಾರುವ ಯಾವ ಹಾಲಿನಲ್ಲಿಯೂ ಶೇಕಡಾ 3ರಷ್ಟು ಕೊಬ್ಬೂ ಶೇಕಡಾ 8.5ರಷ್ಟು ಕೊಬ್ಬಿನೇತರ ಘನಾಂಶವೂ ಇರಬೇಕೆಂಬುದು ನಿಯಮ. ರಾಸಾಯನಿಕವಾಗಿ ಇಷ್ಟು ಸಮೀಪವಾದ ವಸ್ತುಗಳಲ್ಲಿ ಒಂದು ಆಪ್ತವಾಗಿಯೂ ಇನ್ನೊಂದು ಪರಕೀಯವಾಗಿಯೂ ತೋರುವುದೇಕೆ? 2004ರಲ್ಲಿ ಅಮೆರಿಕದ ಬೇಲರ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಜನರಿಗೆ ಕೋಕಾ ಕೋಲಾ ಮತ್ತು ಪೆಪ್ಸಿಗಳನ್ನು ಕುಡಿಸುತ್ತ ಅವರ ಮಿದುಳಿನ ವ್ಯಾಪಾರವನ್ನು ಯಂತ್ರದಿಂದ ಪರೀಕ್ಷಿಸಿದರು. ಹೆಸರು ತಿಳಿಯದೆ ಕುಡಿದಾಗ ಹಣೆಯ ಹಿಂಬದಿಯ, ಸುಖವನ್ನು ಅಳೆಯುವ ಭಾಗವೊಂದರ ಚಟುವಟಿಕೆ ಕುಡಿದವರ ಮೆಚ್ಚುಗೆಗೆ ಅನುಗುಣವಾಗಿದ್ದಿತು. ಕೋಕಾ ಕೋಲಾ ಎಂಬುದು ಮೊದಲೇ ತಿಳಿದಾಗಲಾದರೋ, ಸ್ಮೃತಿಗೆ ಆಧಾರವಾದ ಹಿಪೊಕ್ಯಾಂಪಸ್ ಭಾಗವೂ ಎಚ್ಚೆತ್ತಿತು. ಅಂದರೆ ಕುಡಿಯುವವನು ಪಾನೀಯದ ಜೊತೆಗೆ ತನ್ನ ನೆನಪನ್ನೂ ಕುಡಿಯುತ್ತಾನೆ. ರುಚಿಯೆಂದು ನಾವು ಕರೆಯುವುದರಲ್ಲಿ ಬಹುಪಾಲು ಪರಿಮಳವೇ ಆಗಿರುವುದರಿಂದಲೂ, ಇತರ ಇಂದ್ರಿಯಗಳ ಸಂದೇಶಗಳಂತೆ ಥಲಾಮಸ್ಸಿನ ಹೆಬ್ಬಾಗಿಲನ್ನು ಮೊದಲು ಹಾಯದೆ ಪರಿಮಳವು ಭಾವನೆಯ ಮತ್ತು ಸ್ಮೃತಿಯ ಕೇಂದ್ರಗಳಿಗೆ ನೇರವಾಗಿ ತಲಪುವುದರಿಂದಲೂ, ಬಾಲ್ಯದಲ್ಲಿ ಮೂಡಿದ ರುಚಿಯ ಮುದ್ರೆ ಸುಲಭವಾಗಿ ಅಳಿಯುವುದಿಲ್ಲ.

ಇದೆಲ್ಲವೂ ಬರಿಯ ಭ್ರಮೆಯೆಂದು ತೀರ್ಮಾನಿಸುವವರ ಪಂಡಿತಮ್ಮನ್ಯತೆ ನನಗೆ ಒಪ್ಪಿಗೆಯಲ್ಲ. ಹೋಮೊಜನೈಸ್ ಮಾಡುವಾಗ ಹಾಲನ್ನು ಅಧಿಕ ಒತ್ತಡದಿಂದ ಸೂಕ್ಷ್ಮರಂಧ್ರಗಳ ಮೂಲಕ ಹಾಯಿಸುವುದರಿಂದ ಕೊಬ್ಬಿನ ಕಣಗಳು ಒಡೆದು ಬಹುಮಟ್ಟಿಗೆ ಒಂದು ಮೈಕ್ರಾನಿಗಿಂತಲೂ ಕಿರಿದಾಗುತ್ತವೆ. ಬಳಿಕ ಕೆನೆ ಮೊದಲಿನಂತೆ ಕಟ್ಟುವುದಿಲ್ಲ, ಹಾಲು ಹೆಚ್ಚು ಬೆಳ್ಳಗೆ ಕಾಣುತ್ತದೆ. ದಿನದಿನವೂ ಕೆನೆ ತೆಗೆದಿಟ್ಟು ಬೆಣ್ಣೆ ಕಡೆಯುವ ಬಸವೇಶ್ವರನಗರದ ಗೃಹಿಣಿಯು “ಹಾಲು ಬದಲಾಗಿದೆ” ಎಂದರೆ, ಕೊಬ್ಬಿನ ಶೇಕಡಾವಾರನ್ನು ತೋರಿಸಿ ಆಕೆಯ ಬಾಯಿ ಮುಚ್ಚಿಸುವುದು ವಿಜ್ಞಾನವಲ್ಲ.

ನೆನಪಿನ ಬೆಂಬಲವಿಲ್ಲದೆ ರುಚಿಯೊಂದೇ ಎಷ್ಟು ದೂರ ನಡೆದೀತೆಂಬುದಕ್ಕೆ ನಮ್ಮ ಮೈಸೂರೇ ಸಾಕ್ಷಿ. 1977ರಲ್ಲಿ ಕೋಕಾ ಕೋಲಾ ದೇಶವನ್ನು ತೊರೆದಾಗ ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಬದಲಿ ಪಾನೀಯದ ಸೂತ್ರವನ್ನು ರೂಪಿಸಿಕೊಟ್ಟರು. ಸರ್ಕಾರಿ ಸ್ವಾಮ್ಯದ ಮಾಡರ್ನ್ ಸಂಸ್ಥೆಯು ಅದನ್ನು ‘ಡಬಲ್ ಸೆವೆನ್’ ಎಂಬ ಹೆಸರಿನಿಂದ ಮಾರಿತು. ಅದು ಕೆಲವೇ ವರ್ಷಗಳಲ್ಲಿ ಕಣ್ಮರೆಯಾಯಿತು. ಇತ್ತ ಎಂ.ಟಿ.ಆರ್. ಪುಡಿಗಳ ಉದ್ಯಮವು 2007ರಲ್ಲಿ ನಾರ್ವೆ ದೇಶದ ಒರ್ಕ್ಲಾ ಸಂಸ್ಥೆಯ ವಶವಾದರೂ ಅಡುಗೆಮನೆಯ ಸಾರಿನ ಪುಡಿ ತನ್ನ ಸ್ಥಾನವನ್ನು ಕಳೆದುಕೊಳ್ಳಲಿಲ್ಲ; ಹೆಸರೂ ಘಮವೂ ಉಳಿದಲ್ಲಿ ಒಡೆತನದ ಪಲ್ಲಟವು ನಾಲಿಗೆಗೆ ತಿಳಿಯುವುದೇ ಇಲ್ಲ.

ಸಂಶಯವುಳ್ಳ ಓದುಗರು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಬಗೆಯ ಎರಡು ಬ್ರ್ಯಾಂಡಿನ ಹಾಲನ್ನು ಒಂದೇ ಹದಕ್ಕೆ ಕಾಯಿಸಿ, ಒಂದೇ ಡಿಕಾಕ್ಷನ್ನಿನಿಂದ ಕಾಫಿ ಬೆರೆಸಿ, ಯಾವ ಲೋಟದಲ್ಲಿ ಯಾವುದೆಂಬುದನ್ನು ಬೇರೊಬ್ಬರು ಗುಟ್ಟಾಗಿ ಬರೆದಿಡಲಿ. ಒಂದು ಬಾರಿ ಸರಿಯಾಗಿ ಹೇಳಿದರೆ ಅದು ಅದೃಷ್ಟವೂ ಆಗಬಹುದಾದ್ದರಿಂದ, ಹತ್ತು ಬಾರಿಯಾದರೂ ಲೋಟಗಳನ್ನು ಅದಲುಬದಲು ಮಾಡಿ ಕುಡಿದ ಮೇಲೆಯೇ ಚೀಟಿಯನ್ನು ಬಿಚ್ಚಿರಿ.