ಸಿಪ್ಪೆಯೇ ಬೆಳೆಯಾದಾಗ: ದಾಳಿಂಬೆ ಕಾಯಿಕೊರಕಕ್ಕೆ ವಿಷವಿಲ್ಲದ ಉಪಾಯ

ತಿನ್ನೋರು ಬಿಸಾಡೋ ದಾಳಿಂಬೆ ಸಿಪ್ಪೆ ಬಟ್ಟೆಗೆ ಹಳದಿ ಬಣ್ಣ ಕೊಡುತ್ತೆ. ನಾನು ಅದನ್ನ ಒಣಗಿಸಿ ಬಣ್ಣ ಹಾಕುವವರಿಗೆ ಮಾರ್ತೀನಿ. ಮೊದಲ ವರ್ಷ ಅರ್ಧದಷ್ಟು ವಾಪಸ್ ಬಂತು. ಹುಳು ಕೊರೆದ ತೂತಿನಿಂದ ಕೊಳೆ ಹತ್ತಿ ಸಿಪ್ಪೆ ಕಪ್ಪಾಗಿತ್ತು. ತೋಟಗಾರಿಕೆ ಓದಿದ್ದರೂ ಉದುರಿದ ಕಾಯಿಗಳನ್ನು ಗಿಡದ ಬುಡದಲ್ಲೇ ಬಿಟ್ಟಿದ್ದೆ. ಅದರೊಳಗಿನ ಹುಳುಗಳೇ ಮುಂದೆ ಚಿಟ್ಟೆಗಳಾದವು.

ಈ ಚಿಟ್ಟೆ ಹೂವು, ಹೀಚುಗಳ ಮೇಲೆ ಒಂದೊಂದೇ ಮೊಟ್ಟೆ ಇಡುತ್ತೆ. ಮರಿಹುಳು ಒಳಗೆ ಹೊಕ್ಕ ಮೇಲೆ ಸಿಂಪರಣೆ ತಾಗಲ್ಲ. ಹಾಗಾಗಿ ಹೂ ಬಿಡುವಾಗಲೇ ಎಚ್ಚರ ಬೇಕು.

1. ಬೇವಿನ ಬೀಜದ ಕಷಾಯ: 500 ಗ್ರಾಂ ತಿರುಳಿನ ಪುಡಿ ರಾತ್ರಿಯಿಡೀ ನೆನೆಸಿ, ಸೋಸಿ, ನೀರು ಸೇರಿಸಿ 10 ಲೀಟರ್ ಮಾಡಿ. ಸ್ವಲ್ಪ ಸೋಪು ಬೆರೆಸಿ, ಜೇನುನೊಣ ಗೂಡು ಸೇರಿದ ಮೇಲೆ ಸಂಜೆ ಸಿಂಪಡಿಸಿ.

2. ಕಾಯಿ ನಿಂಬೆ ಗಾತ್ರವಾದಾಗ ಬಟರ್ ಪೇಪರ್ ಚೀಲ ಕಟ್ಟಿ.

3. ತೂತು, ಹಿಕ್ಕೆ, ಕೆಟ್ಟ ವಾಸನೆ ಇರೋ ಕಾಯಿ ಕಿತ್ತು, ಉದುರಿದ್ದನ್ನೂ ಆರಿಸಿ ಸುಟ್ಟುಬಿಡಿ.

4. ದೀಪದ ಬಲೆಗೆ ದುಡ್ಡು ಸುರಿಯಬೇಡಿ. ಇದು ಹಗಲು ಹಾರೋ ಚಿಟ್ಟೆ.

ಚೀಲ ಕಟ್ಟೋಕೆ ಕೂಲಿ ಜಾಸ್ತಿ, ನಿಜ. ಒಂದು ಸಾಲಿಗೆ ಕಟ್ಟಿ ನೋಡಿ. ಬಿದ್ದ ಕಾಯಿ ಆರಿಸೋದನ್ನ ಮಾತ್ರ ಇವತ್ತೇ ಶುರು ಮಾಡಿ. ಅದಕ್ಕೆ ಖರ್ಚಿಲ್ಲ.